ಗಿಟಾರಿನ ಸಮೇತ

"ಮೊದ್ಲು ಆ ಗಿಟಾರ್ ಹೊರಗೆ ತೆಗೀರಿ. ಅದಿರೋ ತನಕ ಶವಪೆಟ್ಟಿಗೆ ಒಳಗೆ ಬರೋ ಹಾಗಿಲ್ಲ," ಎಂದ ಸಭೆಯ ಹಿರಿಯ ಬ್ರದರ್ ಕ್ಲೀವಸ್, ಚರ್ಚಿನ ಬಾಗಿಲಿಗೆ ಅಡ್ಡ ನಿಂತು.

ಐಡೆಲ್‌ಗೆ ಮೈಯೆಲ್ಲ ಉರಿದುಹೋಯಿತು. ಪೆಟ್ಟಿಗೆಯೊಳಗೆ ಎದೆಯ ಮೇಲೆ ಗಿಟಾರು ಇಟ್ಟುಕೊಂಡು ಮಲಗಿದ್ದವನು ಅವಳ ತಮ್ಮ ಹೋಬರ್ಟ್. ಅಮೆರಿಕದ ಕೆಂಟಕಿಯ ಈ ಕಲ್ಲಿದ್ದಲ ಕಣಿವೆಯಿಂದ ಹೋಗಿ ಮೂವತ್ತು ವರ್ಷ ಬಿಯರ್ ಅಂಗಡಿಗಳಲ್ಲಿ, ರೇಡಿಯೊದಲ್ಲಿ, ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಹಳ್ಳಿಗಾಡಿನ ಕಂಟ್ರಿ ಹಾಡು ಹಾಡಿದವನು. ಗಣಿಯ ಧೂಳು ಕುಡಿದು ಸತ್ತ ಅಪ್ಪನ ಕಥೆಯನ್ನೇ ಊರೂರಿಗೂ ಹಾಡಿ ತೋರಿಸಿದ. ಕೊನೆಗೆ ಹಾಳು ಕುಡಿತ ಅವನನ್ನೂ ತಿಂದಿತು. ಐವತ್ತೆಂಟಕ್ಕೆ ಕಾರ್ಯಕ್ರಮದ ಬಸ್ಸಿನಲ್ಲೇ ಕಣ್ಣು ಮುಚ್ಚಿದ. ಅಮ್ಮನ ಪಕ್ಕದಲ್ಲಿ ಮಣ್ಣು ಮಾಡಿ, ಗಿಟಾರಿನ ಸಮೇತ, ಎಂದಷ್ಟೇ ಅಕ್ಕನನ್ನು ಕೇಳಿಕೊಂಡಿದ್ದ.

ಈ ಚರ್ಚಿನಲ್ಲಿ ವಾದ್ಯ ನಿಷಿದ್ಧ. ಹಿರಿಯ ಒಂದು ಸಾಲು ಎತ್ತಿಕೊಡಬೇಕು, ಸಭೆ ಅದನ್ನೇ ತಿರುಗಿ ಹಾಡಬೇಕು. ಇಪ್ಪತ್ತು ವರ್ಷದ ಹಿಂದೆ ಅಮ್ಮನ ಹೆಣದ ಮುಂದೆ ಗಿಟಾರು ಬಾರಿಸಿದ್ದಕ್ಕೆ ಹೋಬರ್ಟನ ಹೆಸರನ್ನು ಚರ್ಚಿನ ಸದಸ್ಯರ ಪಟ್ಟಿಯಿಂದ ಹೊಡೆದುಹಾಕಿದವನು ಇದೇ ಕ್ಲೀವಸ್. ಒಪ್ಪುವವರು ಕೈ ಎತ್ತಿ ಎಂದಾಗ ಐಡೆಲ್ ಕೂಡ ಎತ್ತಿದ್ದಳು. ಆ ಕೈಯನ್ನು ಅವಳು ಇವತ್ತಿಗೂ ಕ್ಷಮಿಸಿಲ್ಲ.

"ಟಿವಿಯೋರು ಬಂದಿದ್ದಾರೆ ಅಂತ ಹೊಸ ಕೋಟು ಹಾಕ್ಕೊಂಡು ನಿಂತಿದ್ದೀರಲ್ಲ, ನಾಚಿಕೆ ಆಗಲ್ವ ನಿಮ್ಗೆ? ಬದುಕಿದ್ದಾಗ ಬಾಗಿಲು ಹಾಕ್ಕೊಂಡ್ರಿ. ಸತ್ತ ಮೇಲೆ ನಿಮ್ಮೋನಾಗಿಬಿಟ್ನಾ?"

"ನಾಲಿಗೆ ಬಿಗಿ ಹಿಡಿ ಐಡೆಲ್. ಸ್ಮಶಾನವೂ ಚರ್ಚಿಂದೇ. ನಿಮ್ಮಮ್ಮನ ಪಕ್ಕ ಜಾಗ ಬೇಕಾದ್ರೆ ನಮ್ಮ ಕಟ್ಟಳೆ ಪ್ರಕಾರ ನಡ್ಕೋ."

"ಬೆಂಕಿ ಬೀಳ್ಲಿ ನಿಮ್ಮ ಕಟ್ಟಳೆಗೆ! ಇಳಿಸ್ರಪ್ಪ, ಇಲ್ಲೇ ಅಂಗಳದಲ್ಲಿ ಇಳಿಸಿ."

ಹೊತ್ತವರು ಇಳಿಸಿದರು. ಕ್ಯಾಮೆರಾಗಳು ಅತ್ತ ತಿರುಗಿದವು. ಕ್ಲೀವಸ್ ಮೆಟ್ಟಿಲ ಮೇಲೆ ನಿಂತು, ಕಣ್ಣು ಮುಚ್ಚಿ, ಶವಸಂಸ್ಕಾರದ ಹಾಡಿನ ಮೊದಲ ಸಾಲು ಎತ್ತಿಕೊಟ್ಟ. ಕಳ್ಳ! ಅವನ ಲೆಕ್ಕಾಚಾರ ಐಡೆಲ್‌ಗೆ ತಿಳಿಯದೆ? ಸಾಲು ಕಿವಿಗೆ ಬಿದ್ದರೆ ಈ ಕಣಿವೆಯವರ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಹಾಡುತ್ತ ಹಾಡುತ್ತ ಎಲ್ಲರೂ ಅವನ ಹಿಂದೆ ಒಳಗೆ ಹೋಗುತ್ತಾರೆ, ಹೆಣದ ಜೊತೆ ಅವಳೊಬ್ಬಳೇ ಉಳಿಯುತ್ತಾಳೆ.

ಅವಳ ಗಂಟಲಲ್ಲೂ ಸಾಲು ಎದ್ದಿತು. ಹಲ್ಲು ಕಚ್ಚಿ ನುಂಗಿಕೊಂಡಳು. ಪಕ್ಕದ ಮನೆಯ ಮುದುಕಿ ಆರ್ಡಿತ್ ಬಾಯಿ ತೆರೆದವಳು, ಐಡೆಲ್‌ಳ ಮುಖ ನೋಡಿ ಮುಚ್ಚಿಕೊಂಡಳು. ಅವಳ ಹಿಂದಿನವರೂ ಮುಚ್ಚಿಕೊಂಡರು. ಅಷ್ಟು ಜನರಲ್ಲಿ ಒಬ್ಬರೂ ಉಸಿರೆತ್ತಲಿಲ್ಲ.

ಕ್ಲೀವಸ್ ಕಣ್ಣು ಬಿಟ್ಟ. ಮತ್ತೆ ಅದೇ ಸಾಲು ಎತ್ತಿಕೊಟ್ಟ. ಹೊತ್ತವರು ಯಾರ ಅಪ್ಪಣೆಗೂ ಕಾಯದೆ ಪೆಟ್ಟಿಗೆ ಎತ್ತಿಕೊಂಡು, ಚರ್ಚನ್ನು ಹೊರಗಿನಿಂದಲೇ ಸುತ್ತಿ, ಅಮ್ಮನ ಗೋರಿಯ ಕಡೆ ನಡೆದರು. ಜನ ಅವರ ಹಿಂದೆ ಹೊರಟರು.

ಖಾಲಿ ಅಂಗಳಕ್ಕೆ ಕ್ಲೀವಸ್ ಎರಡನೇ ಸಾಲು ಎತ್ತಿಕೊಟ್ಟು, ತಾನೇ ಅದನ್ನು ತಿರುಗಿ ಹಾಡಿದ.