ಗೋಪುರ ಅಂದವನ ಬಲಗೈ

೧೯೩೮ರ ಬೇಸಿಗೆ. ಭದ್ರಾವತಿಯ ಓಲ್ಡ್ ಟೌನಿನ ಅಂಚಿನಲ್ಲಿ ಕೊಟ್ರಬಸಪ್ಪನವರ ಮರ ಕೊಯ್ಯುವ ಮಿಲ್ಲಿಗೆ ಹೊಗೆಯ ಚಿಮಣಿ ಏಳುತ್ತಿತ್ತು. ಇಟ್ಟಿಗೆ ಇಡುತ್ತಿದ್ದವನು ಸಿದ್ದಯ್ಯ, ಗಾರೆ ಕಲಸುತ್ತಿದ್ದವಳು ಅವನ ಹೆಂಡತಿ ಪುಟ್ಟಲಕ್ಷ್ಮಿ. ಅರವತ್ತು ಅಡಿ ಮೇಲೆ ಬಿದಿರಿನ ಅಟ್ಟಣೆಯಲ್ಲಿ ನಿಂತು ಅವನು ಕೂಗುತ್ತಿದ್ದ:

"ಗೋಪುರಕ್ಕೆ ಗಾರೆ ಕಳ್ಸೇ!"

ಈ ಮಾತು ಸಂತೆ ತಲುಪಿತು. ಅಲ್ಲಿ ಜನ ನಕ್ಕರು. ದೇವಸ್ಥಾನದ ಯಜಮಾನ ಮಂಜಪ್ಪ ಮೂರು ವರ್ಷದ ಹಿಂದೆ ಪಾಯ ತೋಡಿಸಿದ್ದ ಗೋಪುರ ಇನ್ನೂ ಸೊಂಟದೆತ್ತರ ದಾಟಿರಲಿಲ್ಲ. "ಮಿಲ್ಲಿನ ಗೋಪುರ ಮುಗೀತಾ ಬಂತಂತೆ, ನಿಮ್ದು ಯಾವಾಗ ಯಜಮಾನ್ರೇ?" ಎಂದು ಎಲೆ ಅಡಿಕೆ ಅಂಗಡಿಯವನೂ ಕೇಳಿದ.

ಮಂಜಪ್ಪ ನಾಲ್ಕು ಆಳುಗಳೊಡನೆ ಮಿಲ್ಲಿಗೆ ನುಗ್ಗಿದ. ಸಿದ್ದಯ್ಯ ಊಟಕ್ಕೆ ಕೆಳಗಿಳಿದಿದ್ದ.

"ಗುಡಿ ಮೆಟ್ಲು ಹತ್ತೋ ಯೋಗ್ಯತೆ ಇಲ್ದೋನು, ಹೊಗೆ ಉಗುಳೋ ಕೊಳವೆಗೆ ಗೋಪುರ ಅಂತೀಯಾ?"

"ಎತ್ತರ ಐತಲ್ಲ ಅಂತ ಅಂದೆ, ಬುದ್ಧಿ."

ಇಬ್ಬರು ಅವನನ್ನು ಕೆಡವಿ ಎದೆಯ ಮೇಲೆ ಕೂತರು. ಮೂರನೆಯವನು ಬಲಗೈಯನ್ನು ಕಲ್ಲಿನ ಮೇಲೆ ಹಿಡಿದ. ನಾಲ್ಕನೆಯವನು ಸಿದ್ದಯ್ಯನದೇ ಸುತ್ತಿಗೆ ಎತ್ತಿ ಮೂರು ಸಲ ಬಡಿದ. ಅಡ್ಡ ಬಂದ ಪುಟ್ಟಲಕ್ಷ್ಮಿಯ ಹೊಟ್ಟೆಗೆ ಮಂಜಪ್ಪನೇ ಒದ್ದ. ಆಸ್ಪತ್ರೆಯಲ್ಲಿ ಸಿದ್ದಯ್ಯನ ಮೂರು ಬೆರಳು ಕತ್ತರಿಸಿದರು.

ಪೊಲೀಸರವರೆಗೆ ಹೋಗುವುದು ಕೊಟ್ರಬಸಪ್ಪನವರಿಗೆ ಬೇಕಿರಲಿಲ್ಲ. ಪದದ ಅರ್ಥ ಇತ್ಯರ್ಥವಾಗಲಿ, ತಪ್ಪಿದ್ದರೆ ಸಿದ್ದಯ್ಯ ಕ್ಷಮೆ ಕೇಳಲಿ ಎಂದು ಮಿಲ್ಲಿನ ಅಂಗಳದಲ್ಲೇ ಪಂಚಾಯಿತಿ ಸೇರಿಸಿದರು. ಶಿವಮೊಗ್ಗದ ಕೋಟೆ ಬೀದಿಯಿಂದ ಸಂಸ್ಕೃತದ ಮೇಷ್ಟ್ರು ಶಂಕರನಾರಾಯಣ ಬೆಳಗಿನ ರೈಲಿಗೆ ಬಂದರು. ಬೆರಳು ಕಳೆದುಕೊಂಡ ಕೈಗೆ ಬಟ್ಟೆ ಸುತ್ತಿಕೊಂಡು ಸಿದ್ದಯ್ಯ ಅವರೆದುರು ನಿಂತಿದ್ದ.

"ಹೇಳಿ ಮೇಷ್ಟ್ರೇ, ಗೋಪುರ ಅಂದ್ರೆ ದೇವ್ರದ್ದು ಅಲ್ವಾ?" ಎಂದ ಮಂಜಪ್ಪ.

"ಹಳೇ ನಿಘಂಟುಗಳಲ್ಲಿ ಗೋಪುರ ಅಂದ್ರೆ ಊರಬಾಗ್ಲು. ಎತ್ತರ, ದೇವ್ರು, ಎಲ್ಲ ಆಮೇಲೆ ಸೇರ್ಕೊಂಡಿದ್ದು. ಆ ಲೆಕ್ಕಕ್ಕೆ ಈ ಚಿಮಣಿನೂ ಗೋಪುರ ಅಲ್ಲ."

"ಗೋ ಅಂದ್ರೆ?"

"ಹಸು ಅಂತಾರೆ ಕೆಲವ್ರು. ದನ ಒಳಗೆ ಬರೋ ಬಾಗ್ಲು ಅಂತ. ಇನ್ನು ಕೆಲವ್ರು, ಅದು 'ಕೋ', ನಮ್ಮ ದಕ್ಷಿಣದ ಮಾತು, ರಾಜ ಅಂತ ಅರ್ಥ ಅಂತಾರೆ. ತೀರ್ಮಾನ ಆಗಿಲ್ಲ."

"ದನದ ಬಾಗ್ಲಾ? ನಮ್ಮ ದೇವ್ರ ಗೋಪುರ ದನದ ಬಾಗ್ಲಾ?"

ಮಂಜಪ್ಪನ ಬೆತ್ತ ಮೇಷ್ಟ್ರ ಹಣೆ ಸೀಳಿತು. ಕನ್ನಡಕ ಒಡೆದು ಚೂರು ಕೆನ್ನೆಗೆ ನಾಟಿತು. ಎರಡನೆಯ ಏಟಿಗೆ ಬೆತ್ತ ಮೇಲೇಳುವಷ್ಟರಲ್ಲಿ ಸಿದ್ದಯ್ಯ ಎಡಗೈಯಲ್ಲಿ ಇಟ್ಟಿಗೆ ಎತ್ತಿದ್ದ. ಅದು ಮಂಜಪ್ಪನ ಬಲಗಣ್ಣಿಗೆ ಬಡಿಯಿತು. ಬಿದ್ದವನ ಮೇಲೆ ಕೂತು ಸಿದ್ದಯ್ಯ ಮತ್ತೆ ಬಡಿದ. ಪುಟ್ಟಲಕ್ಷ್ಮಿ ಅವನ ಜುಟ್ಟು ಹಿಡಿದು ಎಳೆಯದಿದ್ದರೆ ಅಲ್ಲೇ ಕೊಲೆಯಾಗುತ್ತಿತ್ತು.

ಮಂಜಪ್ಪನ ಕಣ್ಣು ಹೋಯಿತು. ಮೊದಲ ಏಟು ತನಗೆ ಬಿತ್ತೆಂದು ಮೇಷ್ಟ್ರು ಕೋರ್ಟಿನಲ್ಲಿ ಸಾಕ್ಷಿ ಹೇಳಿದರೂ ಸಿದ್ದಯ್ಯನಿಗೆ ಒಂದೂವರೆ ವರ್ಷ ಶಿಕ್ಷೆಯಾಯಿತು. ಸುತ್ತಿಗೆ ಹಿಡಿದವನಿಗೆ ಆರು ತಿಂಗಳು. ಪುಟ್ಟಲಕ್ಷ್ಮಿಯನ್ನು ಒದ್ದದ್ದಕ್ಕೆ ಯಾರಿಗೂ ಏನೂ ಆಗಲಿಲ್ಲ.

ಮೇಷ್ಟ್ರು ಆಗಾಗ ಜೈಲಿಗೆ ಹೋಗಿ ಅವನನ್ನು ನೋಡುತ್ತಿದ್ದರು. ಒಮ್ಮೆ ಸಿದ್ದಯ್ಯ ಕೇಳಿದ:

"ಅವತ್ತು ಗೊತ್ತಿಲ್ಲ ಅಂದ್ಬಿಟ್ಟಿದ್ರೆ ಆಗ್ತಿರ್ಲಿಲ್ವಾ ಸ್ವಾಮಿ? ನಾನೊಂದು ಅಡ್ಡ ಬಿದ್ದು ಎದ್ದು ಹೋಗ್ತಿದ್ದೆ."

"ಗೊತ್ತಿತ್ತಲ್ಲೋ ಮಾರಾಯ."

"ನಿಮ್ಗೆ ಗೊತ್ತಿತ್ತು. ಜೈಲಿಗೆ ಬಂದಿದ್ದು ನಾನು."

ಮೇಷ್ಟ್ರು ಮುಂದಿನ ಭಾನುವಾರವೂ ಬಂದರು. ಆ ವಿಷಯ ಇಬ್ಬರೂ ಎತ್ತಲಿಲ್ಲ.

ಬಿಡುಗಡೆಯಾದ ಮೇಲೆ ಗಂಡಹೆಂಡಿರು ಭದ್ರಾವತಿಗೆ ಮರಳದೆ ಶಿವಮೊಗ್ಗದ ಆಲ್ಕೊಳದ ಕಡೆ ಗುಡಿಸಲು ಹಾಕಿದರು. ಸಿದ್ದಯ್ಯ ಎಡಗೈಯಲ್ಲಿ ತೂಗುಗುಂಡಿನ ದಾರ ಹಿಡಿದು ಗೋಡೆಯ ಓರೆ ಹೇಳುತ್ತಿದ್ದ. ಇಟ್ಟಿಗೆ ಇಡುತ್ತಿದ್ದವಳು ಪುಟ್ಟಲಕ್ಷ್ಮಿ. ಹೆಂಗಸು ಕಟ್ಟಿದ ಗೋಡೆ ನಿಲ್ಲುತ್ತದೆಯೇ ಎಂದು ಮೇಸ್ತ್ರಿಗಳು ಗೊಣಗಿದರು. ಅವಳು ಅವರ ಮುಂದೆಯೇ ತಾನು ಕಟ್ಟಿ ಒಣಗಿದ್ದ ಗೋಡೆಗೆ ಹೆಗಲು ಕೊಟ್ಟು ತಳ್ಳಿ, ಅದು ಅಲುಗದ್ದನ್ನು ತೋರಿಸಿದಳು, ಮತ್ತೆ ಕರಣೆ ಎತ್ತಿಕೊಂಡಳು.