ನೆತ್ತಿಗಲ್ಲು

ವಾಸ್ತುಶಿಲ್ಪಿಯಾಗುವ ತರಬೇತಿಯ ಕೊನೆಯ ಪರೀಕ್ಷೆ ಎಂದರೆ ಕಮಾನು. ಸ್ವಂತ ನಕ್ಷೆಯಂತೆ ಅದನ್ನು ಕಟ್ಟಿಸಿ, ಆಧಾರದ ಕಟ್ಟಿಗೆ ತೆಗೆಯುವಾಗ ಅದರ ಕೆಳಗೇ ನಿಲ್ಲಬೇಕು. ಕಲಬುರಗಿಯಲ್ಲಿ ದೌಲಪ್ಪನ ಕಮಾನು ಬಿರುಕು ಬಿಟ್ಟಿತ್ತು. ಅವನಿಗೆ ಇನ್ನೊಂದು ವರ್ಷ ಕಲಿಕೆ. ಇಂದು ಕಮಲಾಪುರದಲ್ಲಿ, ಪ್ರಯಾಣಿಕರು ತಂಗುವ ಮುಸಾಫಿರಖಾನೆಯಲ್ಲಿ ಗೆಳೆಯ ಇಮಾಮುದ್ದೀನನ ಸರದಿ. ಇದೂ ಬಿರುಕು ಬಿಡಲಿ ಎಂಬ ಒಂದೇ ಆಸೆಯಿಂದ ದೌಲಪ್ಪ ಟಾಂಗಾ ಹತ್ತಿ ಬಂದಿದ್ದ.

"ಭಾಳ ಛಂದ ಅದ. ಆದ್ರ ನೆತ್ತಿಗಲ್ಲು ಸ್ವಲ್ಪ ಸೊಟ್ಟ ಕಾಣ್ತದ ನೋಡು," ಎಂದ ದೌಲಪ್ಪ, ಕಮಾನಿನ ತುದಿಯ ನಡುಗಲ್ಲಿನತ್ತ ಬೆರಳು ತೋರಿ.

"ನಿನ್ನ ಕಣ್ಣೇ ಸೊಟ್ಟ!" ಇಮಾಮುದ್ದೀನ್ ನಕ್ಕ.

ಗೌಂಡಿ ಹುಸೇನಸಾಬ ಸುತ್ತಿಗೆ ಎತ್ತಿದ. "ಕೆಳಗ ನಿಂದ್ರಿ ಸಾಹೇಬ್ರ. ನಿಮ್ಮ ಮ್ಯಾಲ ಭರೋಸಾ ಇದ್ದವ್ರೊಬ್ರನ್ನ ಜೋಡಿ ಕರ್ಕೋರಿ, ಅದೇ ರಿವಾಜು."

ಇಮಾಮುದ್ದೀನ್ ದೌಲಪ್ಪನ ಕೈ ಹಿಡಿದೆಳೆದ. "ಬಾರಲೇ ದೌಲ್ಯಾ, ನಿನ್ನ ಬಿಟ್ರ ನನಗ ಯಾರದಾರ?"

ಎಲ್ಲರೂ ನೋಡುತ್ತಿದ್ದರು. ದೌಲಪ್ಪ ಹೋಗಿ ನಿಂತ. ಕಟ್ಟಿಗೆ ಸರಿಯಿತು, ತಲೆಯ ಮೇಲೆ ಸುಣ್ಣದ ಪುಡಿ ಉದುರಿತು.

"ಯಪ್ಪಾ ಶರಣಬಸಪ್ಪಾ, ನಿಂದ್ರಲಿ, ನಿಂದ್ರಲಿ!" ಎಂದು ದೌಲಪ್ಪ ಚೀರಿದ.

ಕಮಾನು ಅಲುಗಲಿಲ್ಲ.

"ನನಗಿಂತ ನೀನೇ ಜೋರ್ಲೆ ಬೇಡ್ಕೊಂಡೆಲೇ!" ಇಮಾಮುದ್ದೀನ್ ಅವನನ್ನು ತಬ್ಬಿಕೊಂಡ. ಗೆಳೆಯನ ಭುಜದ ಮೇಲಿಂದ ದೌಲಪ್ಪ ಮತ್ತೊಮ್ಮೆ ನೆತ್ತಿಗಲ್ಲು ನೋಡಿದ. ಅದು ಒಂದಿಷ್ಟೂ ಸೊಟ್ಟಗಿರಲಿಲ್ಲ.