ತಂತಿಯ ಕೆಳಗಿನ ಸಂಪಿಗೆ

ಗಾದೆಪ್ಪ ಕೂಡ್ಲಿಗಿಯಲ್ಲಿ ಇಪ್ಪತ್ತಾರು ವರ್ಷದಿಂದ ಲೈನ್‌ಮನ್. ಮುಂಗಾರಿಗೆ ಮುಂಚೆ ಕರೆಂಟು ತಂತಿಗೆ ತಾಗುವ ಟೊಂಗೆ ಕಡಿಯುವುದು ಅವನ ಪಾಲಿನ ಕೆಲಸ. ಏಣಿ ಹೊತ್ತು ಅವನು ಓಣಿಗೆ ಬಂದರೆ ಹೆಂಗಸರು ಮೊದಲು ತಮ್ಮ ಗಿಡ ನೋಡುತ್ತಿದ್ದರು, ಆಮೇಲೆ ಅವನ ಮುಖ.

ಅಂಥವನ ಅಂಗಳದಲ್ಲೇ, ತಂತಿಯ ನೇರ ಕೆಳಗೆ, ಹೆಂಡತಿ ಚೌಡಕ್ಕ ಸಂಪಿಗೆ ನೆಟ್ಟಳು. ಅವನು ಕೆಲಸದ ಮೇಲೆ ಎರಡು ದಿನ ಉಜ್ಜಿನಿಗೆ ಹೋಗಿ ಬರುವಷ್ಟರಲ್ಲಿ ಮೊಣಕಾಲುದ್ದದ ಕಸಿ ಗಿಡ ನಿಂತಿತ್ತು, ಸುತ್ತ ಇಟ್ಟಿಗೆಯ ಕಟ್ಟೆ ಬೇರೆ. ಹೂವಿನಹಡಗಲಿಯ ತವರಿನಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಮಲ್ಲಿಗೆ ಊರಿನವಳು ಸಂಪಿಗೆ ಯಾಕೆ ತಂದೆ ಎಂದು ಕೇಳಿದ್ದಕ್ಕೆ, ಹುಟ್ಟಿದಾಗಿನಿಂದ ಮಲ್ಲಿಗೆ ಕಟ್ಟಿ ಕಟ್ಟಿ ಬೆರಳು ಸವೆದಿವೆ, ಕಟ್ಟದೆ ಮುಡಿಯುವಂಥ ಹೂವು ಬೇಕಿತ್ತು ಎಂದಳು.

"ಬೆಳೆದ್ರ ತಂತಿಗಿ ತಾಕತೈತಿ," ಎಂದ ಗಾದೆಪ್ಪ.

"ಮೊದ್ಲು ಬೆಳೀಲಿ ಬಿಡ್ರಿ," ಎಂದಳು ಚೌಡಕ್ಕ.

ಗಿಡ ಬೆಳೆಯಲಿಲ್ಲ. ಎರಡೇ ತಿಂಗಳಲ್ಲಿ ಎಲೆಗಳ ನರ ಮಾತ್ರ ಹಸಿರಾಗಿ ಉಳಿದು ಮಿಕ್ಕಿದ್ದೆಲ್ಲ ಹಳದಿಯಾಯಿತು. ಚೌಡಕ್ಕ ಹೊತ್ತಿಗೊಂದು ಕೊಡ ಬೋರಿನ ನೀರು ಸುರಿದಳು. ಎಲೆ ಉದುರುತ್ತಲೇ ಹೋದವು. ಗಿಡ ತಾನಾಗಿಯೇ ಸತ್ತರೆ ಒಂದು ತಕರಾರು ತಪ್ಪಿತು ಎಂದುಕೊಂಡಿದ್ದ ಗಾದೆಪ್ಪನಿಗೆ, ಒಂದು ಬೆಳಿಗ್ಗೆ ಅವಳು ಬಿದ್ದ ಎಲೆಗಳನ್ನು ಸೆರಗಿನಲ್ಲಿ ಆಯ್ದುಕೊಳ್ಳುವುದನ್ನು ನೋಡಿ ಚಹಾ ರುಚಿಸಲಿಲ್ಲ.

ಆ ಭಾನುವಾರ ಅವಳಿಗೆ ಹೇಳದೆ ನಾಲ್ಕು ಎಲೆ ಜೇಬಿಗೆ ಹಾಕಿಕೊಂಡು ಹಡಗಲಿ ಬಸ್ಸು ಹತ್ತಿದ. ಗಿಡ ಮಾರಿದ್ದ ಕಲ್ಯಾಣಮ್ಮ ಅರವತ್ತು ದಾಟಿದ ಹೆಂಗಸು. ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ, ಯಾವ ನೀರು, ದಿನಕ್ಕೆಷ್ಟು ಎಂದು ವಿಚಾರಿಸಿದಳು.

"ಯಣ್ಣಾ, ಗಿಡ ನೀರಡಿಸಿಲ್ರಿ. ಬೋರಿನ ಸುಣ್ಣದ ನೀರು ಕುಡಿಸಿ ಕುಡಿಸಿ ಅದರ ಉಸಿರು ಕಟ್ಟಿಸೀರಿ."

ಮಣ್ಣು ಸಡಿಲಿಸಿ ಕಳಿತ ಸಗಣಿ ಗೊಬ್ಬರ, ಮರಳು ಬೆರೆಸಬೇಕು. ಹದಿನೈದು ದಿನಕ್ಕೊಮ್ಮೆ ಬಕೆಟ್ ನೀರಿಗೆ ಒಂದು ಚಮಚ ಅನ್ನಭೇದಿ, ಅಂದರೆ ಕಬ್ಬಿಣದಂಶದ ಉಪ್ಪು, ಕದಡಿ ಹಾಕಬೇಕು. ಮಣ್ಣಿಗೆ ಬೆರಳು ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ನೀರು. ಮಳೆ ನೀರಾದರೆ ಬಹಳ ಒಳ್ಳೆಯದು. ಅವಳು ಹೇಳಿದ್ದನ್ನೆಲ್ಲ ಗಾದೆಪ್ಪ ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡ.

ಮನೆಗೆ ಬಂದವನೇ ಗುದ್ದಲಿ ಹಿಡಿದ. ಚೌಡಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಮುಂದೆ ಚಾವಣಿಯ ಮಳೆ ನೀರಿಗೆ ಡ್ರಮ್ಮು ಬಂತು, ಬೇಸಿಗೆಯಲ್ಲಿ ಗಿಡಕ್ಕೆ ಗೋಣಿಚೀಲದ ನೆರಳು ಬಂತು. ಹೊಸ ಚಿಗುರು ಕಡುಹಸಿರಾಗಿ ಒಡೆದ ದಿನ ಅವನೇ ಹೆಂಡತಿಯನ್ನು ಕರೆದು ತೋರಿಸಿದ.

ಮೂರನೇ ವರ್ಷದ ಬೇಸಿಗೆಗೆ ಗಿಡದ ತುದಿ ತಂತಿಗೆ ಒಂದು ಮೊಳ ಕೆಳಗಿತ್ತು. ಹೂವು ಇನ್ನೂ ಬಿಟ್ಟಿರಲಿಲ್ಲ. ಓಣಿಯ ಗಿಡಗಳನ್ನೆಲ್ಲ ಸವರಿದ ಗಾದೆಪ್ಪ ಕೊನೆಗೆ ತನ್ನ ಮನೆಯ ಮುಂದೆ ಏಣಿ ಇಳಿಸಿ ನಿಂತ. ಎದುರು ಮನೆಯ ರೋಜಾಳ ಬೇವಿನ ಗಿಡವನ್ನು ಅವನು ಬೆಳಿಗ್ಗೆಯಷ್ಟೇ ಬೋಳು ಮಾಡಿದ್ದ; ಈಗ ಅವಳು ಬಾಗಿಲಿಗೆ ಬಂದು ನೋಡತೊಡಗಿದಳು. ಗಾದೆಪ್ಪ ಕಲ್ಯಾಣಮ್ಮನಿಗೆ ಫೋನು ಹಚ್ಚಿದ. ತುದಿ ಕಡಿದರೆ ಗಿಡ ಸಾಯುವುದಿಲ್ಲ, ಅಗಲವಾಗುತ್ತದೆ, ಚಿಗುರೊಡೆಯುವ ಕಣ್ಣಿನ ಮೇಲ್ಗಡೆ ಓರೆಯಾಗಿ ಕೊಯ್ದು ಸಗಣಿ ಮೆತ್ತಿರಿ ಎಂದಳು.

"ನೀವೇ ಕೊಯ್ರಿ. ಬ್ಯಾರೆಯವ್ರ ಕೈ ಬ್ಯಾಡ," ಎಂದು ಚೌಡಕ್ಕ ಒಳಗೆ ಹೋದಳು.

ಅವನು ಕೊಡಲಿ ಮುಟ್ಟಲಿಲ್ಲ. ಸಣ್ಣ ಗರಗಸದಲ್ಲಿ ಅರ್ಧ ಗಂಟೆ ಕೊಯ್ದ. ಇಳಿದು ಬಂದು, ನಿಮ್ಮ ಬೇವಿಗೂ ಸಗಣಿ ಮೆತ್ತಿಕೊಡುತ್ತೇನೆ ಎಂದು ರೋಜಾಗೆ ಹೇಳಿದ.

ತಿಂಗಳಲ್ಲಿ ಗಾಯದ ಕೆಳಗೆ ಆರು ಚಿಗುರು ಬಂದವು. ಶ್ರಾವಣದಲ್ಲಿ, ಕೈಗೆ ಎಟುಕುವ ಟೊಂಗೆಯಲ್ಲೇ, ಮೂರು ಹೂವು ಅರಳಿದವು. ಚೌಡಕ್ಕ ಒಂದನ್ನು ರೋಜಾಗೆ ಕೊಟ್ಟು ಬಂದಳು. ಗಾದೆಪ್ಪ ಅಷ್ಟರಲ್ಲಿ ಹಿತ್ತಲಲ್ಲಿ ಅಳತೆ ಹಾಕುತ್ತಿದ್ದ. ಅಲ್ಲಿ ಮೇಲೆ ಯಾವ ತಂತಿಯೂ ಇಲ್ಲ, ಬಕುಲದ ಗಿಡ ನೆಡಲು ಸರಿಯಾದ ಜಾಗ ಎಂದ.